ಅಣುವಿನ ಔಷಧ, ಕನ್ನಡದ ಮಾತು

ಹ್ಯಾರಿಸ್ ಪಾರ್ಕಿನ ವಿಗ್ರಾಮ್ ಬೀದಿಯಲ್ಲಿ ಸಂಜೆಯ ಹೊತ್ತು ನಡೆದವರಿಗೆ ತಾವು ಸಿಡ್ನಿಯಲ್ಲಿದ್ದೇವೆಂಬುದು ಕ್ಷಣಕಾಲ ಮರೆತುಹೋಗುವುದುಂಟು. ದೋಸೆಯ ಕಂಪು, ಸಿಹಿತಿಂಡಿಯ ಅಂಗಡಿಗಳ ಬೆಳಕು, ಹತ್ತಾರು ಭಾರತೀಯ ಭಾಷೆಗಳ ಕಲರವ. ಈ ಬಡಾವಣೆಗೆ ಹೆಸರು ಬಂದುದು ಮಾತ್ರ ಜಾನ್ ಹ್ಯಾರಿಸ್ ಎಂಬ ಶಸ್ತ್ರವೈದ್ಯನಿಂದ. ವೈದ್ಯನೊಬ್ಬನ ಹೆಸರು ಹೊತ್ತ ಈ ಬೀದಿಗಳಲ್ಲಿ ನಾವು ಊರಿನ ರಾಜಕೀಯದಿಂದ ಮಕ್ಕಳ ಮದುವೆಯವರೆಗೆ ಎಲ್ಲವನ್ನೂ ಮಾತನಾಡುತ್ತೇವೆ. ಮಾತನಾಡದೆ ಉಳಿಸಿಕೊಂಡಿರುವುದು ಒಂದೇ ವಿಷಯ: ಕ್ಯಾನ್ಸರ್. ಆ ಮೌನದ ಬಗೆಗೂ, ಅದನ್ನು ಮುರಿಯಲು ನೆರವಾಗಬಲ್ಲ ಒಂದು ವಿಜ್ಞಾನದ ಬಗೆಗೂ ನಾಲ್ಕು ಮಾತುಗಳನ್ನು ಸಮ್ಮೇಳನದ ಪ್ರತಿನಿಧಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಮಗಳ ಮನೆಯಲ್ಲಿ ನೆಲೆಸಿದ್ದ ಹಾಸನ ಜಿಲ್ಲೆಯ ಹಿರಿಯರೊಬ್ಬರನ್ನು ನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಗ್ಯಾಲಿಯಂ ಎಂಬ ವಿಕಿರಣಶೀಲ ಧಾತುವನ್ನು ರಕ್ತನಾಳಕ್ಕೆ ಸೇರಿಸಿ ಸ್ಕ್ಯಾನ್ ಮಾಡುವುದಾಗಿ ಅಲ್ಲಿಯವರು ಇಂಗ್ಲಿಷಿನಲ್ಲಿ ವಿವರಿಸಿದರು. ‘ವಿಕಿರಣ’ ಎಂದರೆ ಹಿರಿಯರು ಹೆದರಿಯಾರೆಂದು ನಾನು ‘ಬಣ್ಣದ ಔಷಧ’ ಎಂದು ಅನುವಾದಿಸಿದೆ. ಹೊರಡುವಾಗ, ಕೆಲವು ಗಂಟೆಗಳ ಕಾಲ ಎಳೆಯ ಮಕ್ಕಳನ್ನು ಎತ್ತಿಕೊಳ್ಳಬೇಡಿರೆಂಬ ಸೂಚನೆ ಬಂತು. ಅದನ್ನೂ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, “ಬಣ್ಣದ ಔಷಧಕ್ಕೆ ಮಗೂನ ಯಾಕಪ್ಪಾ ದೂರ ಇಡಬೇಕು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಎರಡು ವಾರ ಅವರು ಮೊಮ್ಮಗಳನ್ನು ಹತ್ತಿರ ಸೇರಿಸಲಿಲ್ಲ. ಮೈಲಿಗೆಯವರಂತೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಕೋಣೆ. ಮುಂದಿನ ಭೇಟಿಯನ್ನೂ ತಾವಾಗಿಯೇ ಮುಂದೂಡಿದರು. ಸತ್ಯವೇನೆಂದರೆ, ಗ್ಯಾಲಿಯಂ-68ರ ಅರ್ಧಾಯು ಕೇವಲ 68 ನಿಮಿಷ. ಪ್ರತಿ 68 ನಿಮಿಷಕ್ಕೆ ಅದರ ಶಕ್ತಿ ಅರ್ಧವಾಗುತ್ತ ಹೋಗಿ, ಹನ್ನೊಂದೂವರೆ ಗಂಟೆಯೊಳಗೆ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಆ ಮಗುವನ್ನು ಅವರು ನಿಶ್ಚಿಂತೆಯಿಂದ ಎತ್ತಿಕೊಳ್ಳಬಹುದಿತ್ತು. ಈ ಒಂದು ಲೆಕ್ಕವನ್ನು ಕನ್ನಡದಲ್ಲಿ ಹೇಳುವ ಧೈರ್ಯ ನನಗಿದ್ದಿದ್ದರೆ ಆ ಎರಡು ವಾರಗಳ ಅಜ್ಞಾತವಾಸ ತಪ್ಪುತ್ತಿತ್ತು.

ಅಂದಿನಿಂದ ಈ ವಿಜ್ಞಾನವನ್ನು ಕೈಲಾದಷ್ಟು ಓದಿ ತಿಳಿದಿದ್ದೇನೆ. ಇದರ ತಿರುಳು ಸರಳವಾದುದು. ಈ ಔಷಧಗಳಲ್ಲಿ ಸಾಮಾನ್ಯವಾಗಿ ಮೂರು ಅಂಗಗಳು. ಕ್ಯಾನ್ಸರ್ ಕೋಶದ ಮೇಲ್ಮೈಯನ್ನು ಗುರುತಿಸಿ ಹೋಗಿ ಅಂಟಿಕೊಳ್ಳುವ ಅಣು ಒಂದು, ಅದು ವಿಳಾಸವಿದ್ದಂತೆ. ವಿಕಿರಣ ಸೂಸುವ ಧಾತು ಇನ್ನೊಂದು; ಅದು ಪತ್ರ. ಆ ಧಾತು ದಾರಿಯಲ್ಲಿ ಜಾರಿ ಮೂಳೆ, ಯಕೃತ್ತುಗಳಿಗೆ ಸೇರದಂತೆ ಹಿಡಿದಿಡುವ ರಾಸಾಯನಿಕ ಪಂಜರ ಮೂರನೆಯದು, ಅದು ಲಕೋಟೆ. ರಸಾಯನಶಾಸ್ತ್ರಜ್ಞನ ಹೆಚ್ಚಿನ ಶ್ರಮವೆಲ್ಲ ಈ ಲಕೋಟೆಯಲ್ಲಿ. 1970ರ ದಶಕದಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಆಲನ್ ಸಾರ್ಜಸನ್ ಮತ್ತು ಸಂಗಡಿಗರು ಲೋಹದ ಅಯಾನುಗಳನ್ನು ಸುತ್ತುವರಿದು ಬಂಧಿಸುವ ಪಂಜರದಂತಹ ಅಣುಗಳನ್ನು ಕಟ್ಟಿದರು. ಆಗ ಅದು ಶುದ್ಧ ಕುತೂಹಲದ ಸಂಶೋಧನೆ. ದಶಕಗಳ ಅನಂತರ ಮೆಲ್ಬರ್ನ್ ವಿಶ್ವವಿದ್ಯಾಲಯದ ಪಾಲ್ ಡೊನೆಲಿಯವರ ತಂಡ ಅದೇ ವಂಶದ ಪಂಜರಗಳಲ್ಲಿ ವಿಕಿರಣಶೀಲ ತಾಮ್ರವನ್ನು ಕೂರಿಸಿ ಕ್ಯಾನ್ಸರಿನತ್ತ ಕಳುಹಿಸಿತು. ಒಂದೇ ಪಂಜರದಲ್ಲಿ ತಾಮ್ರ-64 ಇಟ್ಟರೆ ರೋಗ ಕಾಣುತ್ತದೆ, ತಾಮ್ರ-67 ಇಟ್ಟರೆ ರೋಗಕ್ಕೆ ಪೆಟ್ಟು ಬೀಳುತ್ತದೆ. ಕಂಡದ್ದಕ್ಕೇ ಗುರಿಯಿಡುವ ಈ ಕ್ರಮದ ಮೂಲ ಹಳೆಯದು. ಬಾಸ್ಟನ್ನಿನಲ್ಲಿ ವೈದ್ಯ ಸಾಲ್ ಹರ್ಟ್ಸ್ ಥೈರಾಯಿಡ್ ರೋಗಿಯೊಬ್ಬರಿಗೆ ವಿಕಿರಣಶೀಲ ಅಯೋಡಿನ್ ಕುಡಿಸಿದ್ದು 1941ರಲ್ಲಿ.

ಧಾತು ಬರುವುದು ಎಲ್ಲಿಂದ? ಸಿಡ್ನಿಯ ದಕ್ಷಿಣದಂಚಿನ ಲೂಕಾಸ್ ಹೈಟ್ಸ್‌ನಲ್ಲಿ 1958ರಿಂದ 2007ರವರೆಗೆ ಹೈಫಾರ್ ಎಂಬ ರಿಯಾಕ್ಟರು ನಡೆಯಿತು. 2007ರಲ್ಲಿ ಅದರ ಸ್ಥಾನಕ್ಕೆ 20 ಮೆಗಾವ್ಯಾಟಿನ ಓಪಾಲ್ ಬಂತು. ಅಲ್ಲಿ ತಯಾರಾಗುವ ಮಾಲಿಬ್ಡಿನಂ-99ನ್ನು ಸಣ್ಣ ಸೀಸದ ಪೆಟ್ಟಿಗೆಗಳಲ್ಲಿ ಆಸ್ಪತ್ರೆಗಳಿಗೆ ಒಯ್ಯುತ್ತಾರೆ. ಅದರ ಅರ್ಧಾಯು 66 ಗಂಟೆ. ಒಳಗೊಳಗೇ ಅದು ಟೆಕ್ನೀಷಿಯಂ-99ಎಂ ಆಗಿ ಮಾರ್ಪಡುತ್ತಿರುತ್ತದೆ. ಉಪ್ಪುನೀರನ್ನು ಹಾಯಿಸಿದರೆ ಟೆಕ್ನೀಷಿಯಂ ಮಾತ್ರ ಹೊರಗೆ ಬರುತ್ತದೆ. ಈ ವೃತ್ತಿಯವರು ಆ ಪೆಟ್ಟಿಗೆಯನ್ನು ‘ಹಸು’ ಎಂದೂ ಆ ಕ್ರಿಯೆಯನ್ನು ‘ಹಾಲು ಕರೆಯುವುದು’ ಎಂದೂ ಕರೆಯುತ್ತಾರೆ! ಕರೆದ ಹಾಲಿನ ಅರ್ಧಾಯು ಆರು ಗಂಟೆ; ಒಂದು ದಿನ ಕಳೆದರೆ ಹದಿನಾರರಲ್ಲೊಂದು ಪಾಲು. ಮಲ್ಲಿಗೆ ಮಾರುವವಳು ಬುಟ್ಟಿಯನ್ನು ಸಂಜೆಯೊಳಗೆ ಖಾಲಿ ಮಾಡಬೇಕಾದಂತೆ, ಈ ಔಷಧವನ್ನು ಕೂಡಿಡಲು ಬಾರದು. 2009ರಲ್ಲಿ ಕೆನಡಾದ ರಿಯಾಕ್ಟರೊಂದು ವರ್ಷಕ್ಕೂ ಹೆಚ್ಚು ಕಾಲ ನಿಂತಾಗ ಜಗತ್ತಿನ ಅನೇಕ ಆಸ್ಪತ್ರೆಗಳು ಸ್ಕ್ಯಾನುಗಳನ್ನು ಮುಂದೂಡಬೇಕಾಯಿತು.

ಫಲವೇನು? ಮೆಲ್ಬರ್ನಿನ ಪೀಟರ್ ಮೆಕಾಲಮ್ ಕ್ಯಾನ್ಸರ್ ಕೇಂದ್ರದ ಮುಂದಾಳ್ತನದಲ್ಲಿ 302 ಪುರುಷರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರನ್ನು ಗುರುತಿಸುವಲ್ಲಿ ಗ್ಯಾಲಿಯಂ ಸ್ಕ್ಯಾನಿನ ನಿಖರತೆ ಶೇಕಡ 92, ಹಳೆಯ ವಿಧಾನದ್ದು ಶೇಕಡ 65. ಚಿಕಿತ್ಸೆಯ ಮಾತಿಗೆ ಬಂದರೆ, 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಇನ್ನೊಂದು ಪರೀಕ್ಷೆಯಲ್ಲಿ, ಲೂಕಾಸ್ ಹೈಟ್ಸ್‌ನ ಲುಟೀಷಿಯಂ-177 ಪಡೆದವರಲ್ಲಿ ಶೇಕಡ 66 ಮಂದಿಗೆ ರೋಗಸೂಚಕ ಪಿ.ಎಸ್.ಎ. ಅರ್ಧಕ್ಕಿಂತ ಕೆಳಗಿಳಿಯಿತು, ಕೀಮೋಥೆರಪಿ ಪಡೆದವರಲ್ಲಿ ಶೇಕಡ 37. ಆದರೆ ಇದನ್ನು ಸಂಜೀವಿನಿಯೆಂದು ಹೊಗಳುವುದೂ ಸುಳ್ಳೇ. ಅದೇ ಪರೀಕ್ಷೆಯ ಎರಡು ಗುಂಪುಗಳ ಒಟ್ಟು ಆಯುಸ್ಸಿನಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಬೇರೊಂದು ದೊಡ್ಡ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಮಧ್ಯಕ ಆಯುಸ್ಸು 11.3 ತಿಂಗಳಿನಿಂದ 15.3 ತಿಂಗಳಿಗೆ ಏರಿತು. ನಾಲ್ಕು ತಿಂಗಳು ಅಲ್ಪವೆನ್ನುವವರು ಆ ನಾಲ್ಕು ತಿಂಗಳಲ್ಲಿ ಮೊಮ್ಮಗಳ ಮೊದಲ ಮಾತು ಕೇಳಬಹುದಾದ ಅಜ್ಜನನ್ನು ಕೇಳಿ ನೋಡಲಿ.

ಅಣುವೆಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಹಿರೋಷಿಮಾ, ಪೋಖ್ರಾನ್. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರನ್ನು ನಾವು ನೆನೆಯುವುದೂ 1974ರ ಸ್ಫೋಟದೊಂದಿಗೇ. 1985ರಲ್ಲಿ ಟ್ರಾಂಬೆಯ ಧ್ರುವ ರಿಯಾಕ್ಟರು ಚಾಲನೆಗೊಂಡಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರೂ ಅವರೇ ಆಗಿದ್ದರು. ಭಾರತದ ಆಸ್ಪತ್ರೆಗಳಿಗೆ ಲುಟೀಷಿಯಂನಂತಹ ಧಾತುಗಳನ್ನು ಒದಗಿಸಿರುವುದು ಅದೇ ಧ್ರುವ ಎಂಬುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿದ್ದುಂಟೆ? ಶಸ್ತ್ರವೂ ಔಷಧವೂ ಒಂದೇ ಕುಲುಮೆಯಿಂದ ಬಂದಾವು. ಶಸ್ತ್ರದ ಕಥೆ ಮಾತ್ರ ಮನೆಮಾತಾಯಿತು.

ಕನ್ನಡಕ್ಕೆ ಇದನ್ನು ಹೇಳುವ ಶಕ್ತಿಯಿಲ್ಲವೆಂದು ಯಾರೂ ನೆಪ ಹೇಳಬೇಕಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ಕೊರತೆಯಿರುವುದು ಭಾಷೆಯಲ್ಲಲ್ಲ, ನಮ್ಮ ಎದೆಗಾರಿಕೆಯಲ್ಲಿ.

ಆದುದರಿಂದ ನನ್ನ ಕೋರಿಕೆಗಳು ಮೂರು. ಒಂದು, ಸಿಡ್ನಿ ಮತ್ತು ಮೆಲ್ಬರ್ನಿನ ಕನ್ನಡ ಸಂಘಗಳು ನಮ್ಮಲ್ಲೇ ಇರುವ ವೈದ್ಯರು, ರಸಾಯನಶಾಸ್ತ್ರಜ್ಞರನ್ನು ಕೂರಿಸಿಕೊಂಡು, ಯಾವ ಧಾತು ಎಷ್ಟು ಹೊತ್ತು ದೇಹದಲ್ಲಿರುತ್ತದೆ, ಮಕ್ಕಳನ್ನು ಎಷ್ಟು ಕಾಲ ದೂರವಿಡಬೇಕು ಎಂಬುದನ್ನು ತಿಳಿಗನ್ನಡದಲ್ಲಿ ಹೇಳುವ ನಾಲ್ಕು ಪುಟದ ಕೈಪಿಡಿಯೊಂದನ್ನು ಮುಂದಿನ ಸಮ್ಮೇಳನದೊಳಗೆ ಹೊರತರಲಿ. ಎರಡು, ಹಿರಿಯರೊಡನೆ ಆಸ್ಪತ್ರೆಗೆ ಹೋಗುವವರು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ದುಭಾಷಿಯನ್ನು ಸಂಕೋಚವಿಲ್ಲದೆ ಕೇಳಲಿ. ನಮ್ಮಂತಹ ಬಂಧುಮಿತ್ರರ ಅನುವಾದದಲ್ಲಿ ಪ್ರೀತಿ ಹೆಚ್ಚು, ಸತ್ಯ ಕಡಿಮೆ. ಮೂರು, ನಮ್ಮ ಸನ್ಮಾನದ ವೇದಿಕೆಗಳಲ್ಲಿ ತಜ್ಞವೈದ್ಯರ, ಉದ್ಯಮಿಗಳ ಪಕ್ಕದಲ್ಲಿ ಈ ಪಂಜರಗಳನ್ನು ಕಟ್ಟುವ ರಸಾಯನಶಾಸ್ತ್ರಜ್ಞರಿಗೂ ಒಂದು ಕುರ್ಚಿಯಿರಲಿ. ಮಗ ಅಥವಾ ಮಗಳು “ರಸಾಯನಶಾಸ್ತ್ರ ಓದುತ್ತೇನೆ” ಎಂದಾಗ ತಂದೆತಾಯಿಗಳ ಮುಖ ಬಾಡದಿರಲಿ.

ಆ ಹಿರಿಯರು ಕೊನೆಗೆ ಚಿಕಿತ್ಸೆಗೆ ಮರಳಿದರು. ಈ ಬಾರಿ ನಾನು ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ: ಅರ್ಧ, ಕಾಲು, ಅರೆಕಾಲು. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಇಷ್ಟೇನಾ? ಇದನ್ನ ಅವತ್ತೇ ಹೇಳಬಾರದಿತ್ತಾ?” ಎಂದರು. ಆ ಪ್ರಶ್ನೆಯನ್ನೇ ಈಗ ತಮ್ಮೆಲ್ಲರ ಮುಂದಿಟ್ಟು ವಿರಮಿಸುತ್ತೇನೆ.