ಕುಂಡ ಅಂದ್ರೆ ನೆಲ ಅಲ್ಲ ಮಾರಾಯ್ರೆ!

ಜುಲೈ ತಿಂಗಳಲ್ಲಿ ನಮ್ಮ ಡೊಂಬಿವಲಿಯ ಯಾವುದೇ ಬಿಲ್ಡಿಂಗ್ ಕೆಳಗೆ ನಿಂತು ಮೇಲೆ ನೋಡಿ. ಧೋ ಅಂತ ಮಳೆ ಸುರಿಯುತ್ತಿರುತ್ತದೆ. ಎರಡನೇ ಮಾಳಿಗೆಯ ಕಿಟಕಿಯಿಂದ ಒಂದು ಕೈ ಹೊರಬಂದು, ಗ್ರಿಲ್‌ನಲ್ಲಿರುವ ತುಳಸಿಗೆ ಒಂದು ಚೊಂಬು ನೀರು ಹಾಕಿ ಒಳಗೆ ಹೋಗುತ್ತದೆ! ನಗಬೇಡಿ. ಒಂದು ಕಾಲದಲ್ಲಿ ಆ ಕೈ ನನ್ನದೂ ಆಗಿತ್ತು.

1998ರಲ್ಲಿ, ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ವರ್ಷ, ಅಮ್ಮ ಊರಿನಿಂದ ಶಂಕರಪುರ ಮಲ್ಲಿಗೆಯ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಒಂದು ಚಿಗುರಿತು. ಎರಡು ಬೇಸಿಗೆ ಹೂವೂ ಬಿಟ್ಟಿತು. ಅಷ್ಟರಲ್ಲಿ ಕೆಳಗಿನ ಮನೆಯವರು, ಒಣಗಲು ಹಾಕಿದ ಬಟ್ಟೆಯ ಮೇಲೆ ಕೆಸರು ನೀರು ಬೀಳುತ್ತದೆ ಎಂದರು. ನ್ಯಾಯದ ಮಾತೇ. ನಾನು ಜಾಣತನ ಮಾಡಿ ಕುಂಡದ ತೂತಿಗೆ ಸಿಮೆಂಟ್ ಮೆತ್ತಿದೆ. ಆ ಮಳೆಗಾಲ ಎಲೆ ಹಳದಿಯಾಗಿ ಜೋತುಬಿತ್ತು. ಬಾಯಾರಿಕೆ ಇರಬೇಕೆಂದು ಇನ್ನಷ್ಟು ನೀರು ಹಾಕಿದೆ. ಆಗಸ್ಟಿನಲ್ಲಿ ಗಿಡ ಕೈಗೇ ಕಿತ್ತುಬಂತು. ಬೇರೆಲ್ಲ ಕಪ್ಪಾಗಿ ಕೊಳೆತಿತ್ತು.

ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ "ಗಿಡ ಚೆನ್ನಾಗಿದೆ" ಅನ್ನುತ್ತಿದ್ದೆ. 2003ರಲ್ಲಿ ಅವರು ಹೋದರು. ನಿಜ ಹೇಳಲೇ ಇಲ್ಲ.

"ನಮ್ಮೂರಲ್ಲಿ ಇದಕ್ಕಿಂತ ಜೋರು ಮಳೆ, ಅಲ್ಲಿ ಮಲ್ಲಿಗೆ ಸಾಯುವುದಿಲ್ಲವಲ್ಲ?" ಎಂದು ನೀವು ಕೇಳಬಹುದು. ನಾನೂ ಹಾಗೇ ಯೋಚಿಸಿದ್ದೆ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಜುಲೈ ಒಂದರಲ್ಲೇ ಸರಾಸರಿ 800 ಮಿ.ಮೀ.ಗಿಂತ ಹೆಚ್ಚು ಮಳೆ ಬಿದ್ದರೂ, ಇಡೀ ವರ್ಷದ ಲೆಕ್ಕದಲ್ಲಿ ಉಡುಪಿಯದೇ ಮೇಲುಗೈ. ಆದರೆ ಊರಲ್ಲಿ ಗಿಡ ನೆಲದಲ್ಲಿದೆ, ನೀರು ಇಳಿದು ಹೋಗುತ್ತದೆ. ಕುಂಡದಲ್ಲಿ ಎಲ್ಲಿಗೆ ಹೋಗಬೇಕು? ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರುವುದಿಲ್ಲ. ಅದಕ್ಕೇ ನೀರಲ್ಲಿ ಮುಳುಗಿದ ಗಿಡವೂ ಬಾಯಾರಿದಂತೆ ಬಾಡುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಗಿಡಕ್ಕೆ ನೀರು ಹಾಕುವುದು ಬ್ಯಾಂಕಿನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಲ್ಲ. ದಿನಾ ಬೆಳಿಗ್ಗೆ ಡೆಬಿಟ್ ಆಗಬೇಕಿಲ್ಲ. ಬೆರಳನ್ನು ಒಂದು ಇಂಚು ಮಣ್ಣಿಗಿಳಿಸಿ ನೋಡಿ. ಒದ್ದೆಯಿದ್ದರೆ ಕೈ ಹಿಂದೆ ತೆಗೆಯಿರಿ. ಮನೆಯೊಳಗಿನ ಮನಿಪ್ಲಾಂಟಿಗೂ ಇದೇ ನಿಯಮ.

ಜೋರು ಮಳೆಯಲ್ಲಿ ಗೊಬ್ಬರ ಬೇಡ, ತೊಳೆದುಹೋಗುತ್ತದೆ. ಮಳೆ ನಿಂತ ಮೇಲೆ ಹಾಕಿ. ಅಕ್ಟೋಬರ್ ಬಿಸಿಲು ಬಂದಾಗ ನೀರು ಮತ್ತೆ ಶುರು ಮಾಡಿ. ಡಿಸೆಂಬರ್ ಹೊತ್ತಿಗೆ ಕಡಿಮೆ ಮಾಡಿ ಮಲ್ಲಿಗೆಯನ್ನು ಧೈರ್ಯವಾಗಿ ಕತ್ತರಿಸಿ. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದು. ಮೇ ತಿಂಗಳಲ್ಲಿ ಮಾತ್ರ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೀರು ಬೇಕಾದೀತು.

ಕೆಳಗಿನ ಮನೆಯವರ ಬಟ್ಟೆಯ ಕಥೆ? ತೂತು ಮುಚ್ಚಬೇಡಿ. ಕುಂಡವನ್ನು ಗ್ರಿಲ್‌ನಿಂದ ಬಾಲ್ಕನಿಯೊಳಗೆ ತನ್ನಿ, ಅಡಿಯಲ್ಲಿ ತಟ್ಟೆ ಇಡಿ. ಗಾಳಿಮಳೆಗೆ ಕುಂಡ ಯಾರದೋ ತಲೆ ಮೇಲೆ ಬೀಳುವ ಭಯವೂ ತಪ್ಪುತ್ತದೆ. ಆದರೆ ತಟ್ಟೆಯ ನೀರನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಲೇಬೇಕು. ಡೆಂಗಿ ಸೊಳ್ಳೆಗೆ ತಿಳಿನೀರೇ ಇಷ್ಟ, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನಮ್ಮ ತುಳಸಿಯ ಪುಣ್ಯ ನಮಗೆ, ಜ್ವರ ಪಕ್ಕದ ಮನೆಯ ಮಗುವಿಗೆ ಅಂದರೆ ಹೇಗೆ?

ಈಗ ನನ್ನ ಬಾಲ್ಕನಿಯಲ್ಲಿ ಮತ್ತೊಂದು ಮಲ್ಲಿಗೆಯಿದೆ, ಅಕ್ಕನ ಅಂಗಳದಿಂದ ತಂದದ್ದು. ಮೇ ಕೊನೆಯ ಭಾನುವಾರ ಎಲ್ಲ ಕುಂಡಗಳನ್ನೂ ವಾಲಿಸಿ ತಳದ ತೂತಿಗೆ ಕಡ್ಡಿ ಹಾಕಿ ಬಿಡಿಸುತ್ತೇನೆ. ಹತ್ತು ನಿಮಿಷದ ಕೆಲಸ.

ನಿಮ್ಮ ಮನೆಯ ಕುಂಡದ ತೂತು ತೆರೆದಿದೆಯಾ? ಒಮ್ಮೆ ನೋಡಿಬಿಡಿ.