ಕಸದ ಬುಟ್ಟಿಗೆ ಬೀಳುವುದು ನಮ್ಮ ದುಡ್ಡೇ

ಕಸದ ಸಮಸ್ಯೆ ಎಂದೊಡನೆ ನಾವು ಬೆರಳು ತೋರಿಸುವುದು ನಗರಪಾಲಿಕೆಯತ್ತ. ಲಾರಿ ಬರಲಿಲ್ಲ, ಗುತ್ತಿಗೆದಾರ ಹಣ ನುಂಗಿದ ಎಂಬ ದೂರುಗಳಲ್ಲಿ ಎಷ್ಟೋ ಸತ್ಯವಿದೆ. ಆದರೆ ಲಾರಿ ಬರುವುದು ಕಸ ಹುಟ್ಟಿದ ಮೇಲೆ. ಅದು ಹುಟ್ಟುವುದು ಅಂಗಡಿಯ ಎದುರು, ನಾವು ಕಿಸೆಗೆ ಕೈ ಹಾಕಿದ ಗಳಿಗೆಯಲ್ಲಿ. ಕೊಳೆತ ಟೊಮೆಟೊ, ಬಾಡಿದ ಕೊತ್ತಂಬರಿ, ನಿನ್ನೆಯ ಬಿರಿಯಾನಿ, ಬಿಸ್ಕತ್ತಿನ ಹೊಳೆಯುವ ಹೊದಿಕೆ ಎಲ್ಲಕ್ಕೂ ನಾವು ಬೆಲೆ ತೆತ್ತಿದ್ದೇವೆ. ತಿಂಗಳ ಕೊನೆಯಲ್ಲಿ ಸಾಲ ಕೇಳಲು ಹೊರಡುವ ಕುಟುಂಬವೂ ಇದನ್ನು ನಷ್ಟದ ಬಾಬಿಗೆ ಸೇರಿಸುವುದಿಲ್ಲ ಎಂಬುದೇ ವಿಚಿತ್ರ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ವ್ಯರ್ಥವಾಗುವ ಆಹಾರ ವರ್ಷಕ್ಕೆ ತಲಾ 55 ಕಿಲೋ. ಐದು ಮಂದಿಯ ಮನೆಯಾದರೆ ದಿನಕ್ಕೆ ಮುಕ್ಕಾಲು ಕಿಲೋ. ಇದರಲ್ಲಿ ಸಿಪ್ಪೆ, ಮೂಳೆ, ಮುಳ್ಳುಗಳೂ ಸೇರಿವೆ, ಒಪ್ಪೋಣ. ಅವನ್ನು ಕಳೆದು, ತಿನ್ನಬಹುದಾಗಿದ್ದ ಅನ್ನ, ಸಾರು, ತರಕಾರಿ ದಿನಕ್ಕೆ ಬರೇ 30 ರೂಪಾಯಿಯಷ್ಟು ಬುಟ್ಟಿಗೆ ಬಿದ್ದರೂ ವರ್ಷಕ್ಕೆ 10,950 ರೂಪಾಯಿಯಾಯಿತು. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಈ ಮೊತ್ತದ ಬೆಲೆ ಏನೆಂದು ಹೆತ್ತವರಿಗೆ ಹೇಳಬೇಕಾಗಿಲ್ಲ.

ಕಸದ ಬಗ್ಗೆ ಉಪದೇಶ ಮಾಡುವವರೆಲ್ಲ ಹೆಂಗಸರನ್ನು ಎದುರು ಕೂರಿಸಿಕೊಳ್ಳುತ್ತಾರೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಮೀನು, ಮಾಂಸ, ತರಕಾರಿ ತರುವವರು ಯಾರು? ಅಗ್ಗಕ್ಕೆ ಸಿಕ್ಕಿತೆಂದು ಮೂರು ಕಟ್ಟು ಸೊಪ್ಪು, ಚೌಕಾಶಿಯ ಹುಮ್ಮಸ್ಸಿನಲ್ಲಿ ಎರಡು ಕಿಲೋ ಬಂಗುಡೆ ತಂದು ಅಡುಗೆಮನೆಯಲ್ಲಿಟ್ಟು ಹೊರಟುಹೋಗುವ ಗಂಡಸು ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಒಂದು ಮಾತು ಕೇಳಿರುವುದಿಲ್ಲ. ಉಳಿದದ್ದನ್ನು ಏನು ಮಾಡಬೇಕೆಂಬ ತಲೆಬಿಸಿ ಮಾತ್ರ ಆಕೆಯದು. ಫ್ರಿಡ್ಜ್ ಎಂಬುದು ಇಂಥ ಮನೆಗಳಲ್ಲಿ, ಬಿಸಾಡುವ ಕೆಲಸವನ್ನು ಮೂರು ದಿನ ಮುಂದೂಡುವ ಪೆಟ್ಟಿಗೆ. ಪೇಟೆಗೆ ಹೊರಡುವ ಮುನ್ನ ಅದರ ಬಾಗಿಲು ತೆರೆದು ನೋಡುವ ಜವಾಬ್ದಾರಿಯನ್ನು ಗಂಡಸರಿಗೆ ವಹಿಸಿದರೆ ಅರ್ಧ ಸಮಸ್ಯೆ ಅಲ್ಲೇ ಕರಗೀತು.

ಉಳಿದ ಅನ್ನವನ್ನು ದೋಸೆ ಹಿಟ್ಟಿಗೆ ರುಬ್ಬುತ್ತಿದ್ದ, ಹಳೆಯ ಲುಂಗಿಯನ್ನು ಮಸಿಬಟ್ಟೆ ಮಾಡುತ್ತಿದ್ದ ಅಜ್ಜಿಯನ್ನು ನಾವು ಜಿಪುಣಿ ಎಂದು ನಕ್ಕಿದ್ದೇವೆ. ಈಗ ಅದನ್ನೇ ಪರಿಸರ ಕಾಳಜಿ ಎಂಬ ಹೆಸರಿನಲ್ಲಿ ಯಾರಾದರೂ ಮಾರಿದರೆ ಕೊಳ್ಳಲು ಸಿದ್ಧರಿದ್ದೇವೆ. ಹಾಂ, ದಿನಗೂಲಿಯವನು ಒಂದು ರೂಪಾಯಿಯ ಶಾಂಪೂ ಪೊಟ್ಟಣ ಕೊಂಡನೆಂದು ಅವನಿಗೆ ಪಾಠ ಹೇಳಲು ಹೊರಡುವುದು ಬೇಡ. ಅವನ ಮನೆಯಲ್ಲಿ ಅನ್ನ ಹಳಸುವುದಿಲ್ಲ. ಈ ಮಾತು ತಿಂಗಳಿಗೊಮ್ಮೆ ದೊಡ್ಡ ಬಾಟಲಿ ಕೊಳ್ಳಲು ಶಕ್ತಿಯಿರುವವರಿಗೆ.

ಮನೆಯಿಂದ ಹೊರಬಿದ್ದದ್ದು ಮಾಯವಾಗುತ್ತದೆಂದು ನಂಬಿರುವವರು 2019ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಲಿ. ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಕುಸಿದು ತಗ್ಗಿನ ಮಂದಾರ ಪ್ರದೇಶಕ್ಕೆ ಜಾರಿತು. ತೆಂಗು, ಅಡಿಕೆ ತೋಟಗಳು ಅದರಡಿ ಹೂತವು. ಜನ ಮನೆ ಬಿಟ್ಟು ಹೋಗಬೇಕಾಯಿತು. ಬೆಂಗಳೂರಿನ ಕಸ ತಮಗೆ ಬೇಡವೆಂದು ಮಂಡೂರಿನ ಜನ ಬೀದಿಗಿಳಿದದ್ದೂ ಇದೇ ಕಾರಣಕ್ಕೆ. ಗುಡ್ಡದೊಳಗೆ ಕೊಳೆತು ಅನಿಲವನ್ನೂ ಕಪ್ಪು ರಸವನ್ನೂ ಬಿಡುವುದು ಮುಖ್ಯವಾಗಿ ನಮ್ಮ ಅಡುಗೆಮನೆಯ ಹಸಿ ಕಸವೇ. ಅಂಗಳವಿರುವವರು ಒಂದು ಗುಂಡಿಯಲ್ಲಿ, ಇಲ್ಲದವರು ತೂತು ಕೊರೆದ ಹಳೆಯ ಬಕೆಟ್ಟಿನಲ್ಲಿ ಒಣಗಿದ ಎಲೆಯೊಂದಿಗೆ ಪದರ ಪದರವಾಗಿ ಹಾಕಿದರೆ ಕೆಲವೇ ತಿಂಗಳಲ್ಲಿ ಅದು ಗೊಬ್ಬರ. ಗೊಬ್ಬರಕ್ಕೂ ನರ್ಸರಿಯಲ್ಲಿ ದುಡ್ಡು ಕೊಡುತ್ತೇವಲ್ಲ?

ಒಣ ಕಸದ ಲೆಕ್ಕ ಗುಜರಿಯವನಿಗೆ ಗೊತ್ತು. ರಟ್ಟು, ಬಾಟಲಿ, ಕಬ್ಬಿಣ ಬೇರೆ ಬೇರೆಯಾಗಿದ್ದರೆ ಅವನು ನಮಗೇ ಹಣ ಕೊಡುತ್ತಾನೆ. ಸಾರಿನಲ್ಲಿ ನೆನೆದ ರಟ್ಟನ್ನು ಮುಟ್ಟುವುದಿಲ್ಲ. ಈ ಕಸುಬಿನಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ. ಬೆಂಗಳೂರಿನ ಜಾಲಿ ಮೊಹಲ್ಲಾದಂಥ ಗುಜರಿ ಪೇಟೆಗಳು ಒಂದು ವಾರ ಬಾಗಿಲು ಹಾಕಿದರೆ ನಗರದ ಗತಿ ಏನಾದೀತು? ಆದರೂ ಹೆಣ್ಣು ಕೊಡುವಾಗ ‘ಗುಜರಿಯವನಾ?’ ಎಂದು ಮೂಗು ಮುರಿಯುವವರು ನಾವೇ.

ಇನ್ನು ಧರ್ಮದ ಮಾತು. ತಿನ್ನಿರಿ, ಕುಡಿಯಿರಿ, ಆದರೆ ದುಂದು ಮಾಡಬೇಡಿ ಎಂಬ ಅರ್ಥದ ಆಜ್ಞೆ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದಲ್ಲಿದೆ. ಬಿದ್ದ ತುತ್ತನ್ನು ಶುಚಿಗೊಳಿಸಿ ತಿನ್ನಲು ಕಲಿಸಿದ, ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಂಡ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ನಮ್ಮ ಮದುವೆಯ ಊಟ, ಮಸೀದಿಯ ಇಫ್ತಾರ್ ನೋಡಿ. ಸುನ್ನತ್ ಎಂದು ಬೆರಳು ನೆಕ್ಕುತ್ತೇವೆ. ಮರುಕ್ಷಣ ಅರ್ಧ ಕುಡಿದ ನೀರಿನ ಬಾಟಲಿ, ಎಸೆಯುವ ತಟ್ಟೆ, ಮೂಳೆ, ಮಿಕ್ಕ ಅನ್ನ ಎಲ್ಲವನ್ನೂ ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲೇ ಸುತ್ತಿ ಹೊರಗೆಸೆಯುತ್ತೇವೆ. ಆ ಗಂಟು ಗೊಬ್ಬರಕ್ಕೂ ಆಗದು, ಗುಜರಿಗೂ ಆಗದು. ಈ ಅಭ್ಯಾಸವೇ ಮನೆಗೂ ಬಂದಿದೆ. ನೆಂಟರು ಹತ್ತು ಜನ ಬಂದರೆ ಕಪಾಟಿನ ಪಾತ್ರೆ ಹೊರಬರುವುದಿಲ್ಲ, ಅಂಗಡಿಯಿಂದ ತಟ್ಟೆಗಳ ಕಟ್ಟು ಬರುತ್ತದೆ. ಇದರ ಬಗ್ಗೆ ಮಿಂಬರ್‌ನಿಂದ ಜುಮಾ ಖುತ್ಬಾದಲ್ಲಿ ಒಂದು ಮಾತು ಕೇಳಿದವರು ಎಷ್ಟು ಮಂದಿ?

ಬರುವ ರಮಝಾನ್‌ಗೆ ಮುನ್ನ ಪ್ರತಿ ಜಮಾಅತಿನ ಸಭೆಯಲ್ಲಿ, ಕಳೆದ ವರ್ಷ ಎಸೆಯುವ ತಟ್ಟೆ, ಲೋಟ, ಬಾಟಲಿಗೆ ಎಷ್ಟು ಖರ್ಚಾಯಿತೆಂದು ಲೆಕ್ಕಪುಸ್ತಕ ತೆರೆದು ಓದಲಿ. ಅಷ್ಟು ಹಣಕ್ಕೆ ಎಷ್ಟು ಸ್ಟೀಲ್ ತಟ್ಟೆ ಬರುತ್ತವೆಂದು ಯಾರಾದರೂ ಎದ್ದುನಿಂತು ಕೇಳಲಿ. ತೊಳೆಯುವವರು ಯಾರೆಂಬ ಪ್ರಶ್ನೆ ಬಂದೇ ಬರುತ್ತದೆ. ತಿಂದವರೇ ತೊಳೆಯಬಹುದು, ವುಝೂ ಮಾಡುವ ನಳ್ಳಿ ಅಲ್ಲೇ ಇದೆ.