ಜ್ಯಾಕ್ ಕೆಳಗ ರಬ್ಬರ್ ಪ್ಯಾಡ್ ಬ್ಯಾಡ, ಎರಡು ಹಲಗಿ ಕೊಡಸ್ರಿ ಸಾವಕಾರ್ರ

ಮೊಬೈಲ್‌ನಲ್ಲಿ ಒಮ್ಮೆ ಟ್ರ್ಯಾಕ್ಟರ್ ಸಾಮಾನು ಹುಡುಕಿ ನೋಡಿ. ಮರುದಿನದಿಂದ ಜಾಹೀರಾತು ಬೆನ್ನು ಬಿಡುವುದಿಲ್ಲ. ಈಗ ಕೆಲ ತಿಂಗಳಿಂದ ಅದರಲ್ಲಿ ಹೊಸದೊಂದು ಸೇರಿದೆ: ಜ್ಯಾಕ್ ಕೆಳಗೆ ಇಡುವ ರಬ್ಬರ್ ಪ್ಯಾಡ್. ಕಪ್ಪನೆಯ ದುಂಡು ಬಿಲ್ಲೆ, ಒಂದಿಂಚು ದಪ್ಪ, ಹಿಡಿಯಲು ಹಗ್ಗ. "ಎಂಥಾ ನೆಲದಲ್ಲೂ ಜ್ಯಾಕ್ ಕುಸಿಯುವುದಿಲ್ಲ, ಜಾರುವುದಿಲ್ಲ" ಎಂದು ವಿಡಿಯೊ. ನಮ್ಮ ಕಡೆಯ ಟ್ರ್ಯಾಕ್ಟರ್ ಮಾಲೀಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಇದು ಓಡಾಡುತ್ತಿದೆ. ತರಿಸಬೇಕೋ ಬೇಡವೋ ಎಂದು ಕೇಳುವವರೂ ಇದ್ದಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎರಿ ಹೊಲದಲ್ಲಿ, ಕಾಲುವೆ ದಂಡೆಯ ದಾರಿಯಲ್ಲಿ, ಡಾಂಬರಿನ ಪಕ್ಕದ ಗರಸಿನ ಅಂಚಿನಲ್ಲಿ ಬಳಸಲು ಆ ಪ್ಯಾಡ್ ಕೊಳ್ಳಬೇಡಿ. ದುಡ್ಡು ದಂಡ. ದುಡ್ಡು ಹೋದರೆ ಹೋಗಲಿ, ಅದನ್ನು ನಂಬಿ ಟ್ರೇಲರ್ ಕೆಳಗೆ ನುಗ್ಗುವ ಹುಡುಗನ ಜೀವದ ಪ್ರಶ್ನೆ ಇದು.

ಈ ಪ್ಯಾಡ್ ಹುಟ್ಟಿದ್ದು ಎಲ್ಲಿ ಎಂದು ಮೊದಲು ನೋಡೋಣ. ಅಮೆರಿಕದಲ್ಲಿ ಮನೆಗಾಡಿಗಳಿವೆ. ಬಸ್ಸಿನಷ್ಟು ದೊಡ್ಡ ವಾಹನ, ಒಳಗೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲ. ಆರ್‌ವಿ ಎನ್ನುತ್ತಾರೆ. ಊರಿಂದೂರಿಗೆ ಹೋಗಿ ನಿಲ್ಲಿಸಿದಾಗ ಗಾಡಿ ಓರೆಯಾಗಿದ್ದರೆ ಮಲಗಲು ಆಗುವುದಿಲ್ಲ, ಫ್ರಿಜ್ ಸರಿ ನಡೆಯುವುದಿಲ್ಲ. ಅದಕ್ಕೆ ಗಾಡಿಯ ಅಡಿಯಲ್ಲೇ ನಾಲ್ಕು ಜ್ಯಾಕ್ ಇರುತ್ತವೆ. ಗುಂಡಿ ಒತ್ತಿದರೆ ಕೆಳಗಿಳಿದು ಗಾಡಿಯನ್ನು ಸಮ ಮಾಡುತ್ತವೆ. ಅಲ್ಲಿ ಗಾಡಿ ನಿಲ್ಲುವ ಜಾಗಗಳಲ್ಲಿ ಬಹಳಷ್ಟು ಕಡೆ ಕಾಂಕ್ರೀಟ್ ಅಥವಾ ಗಟ್ಟಿ ಕಡಿ ಹಾಸಿರುತ್ತಾರೆ. ಕಬ್ಬಿಣದ ಪಾದ ಕಾಂಕ್ರೀಟ್ ಮೇಲೆ ಜಾರಬಾರದು, ಡಾಂಬರಿನಲ್ಲಿ ಗುರುತು ಬೀಳಬಾರದು ಎಂದು ರಬ್ಬರ್ ಹಾಕುತ್ತಾರೆ. ಅಲ್ಲಿ ಅದು ಒಳ್ಳೆಯ ಸಾಮಾನೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕು ಸುತ್ತುವ ನಾನು ಅಂಥ ಮನೆಗಾಡಿ ಒಂದನ್ನೂ ಕಂಡಿಲ್ಲ. ನಾನು ಕಾಣುವುದು ಕಬ್ಬಿನ ಟ್ರೇಲರ್, ಬೋರ್ ಗಾಡಿ, ಜೆಸಿಬಿ. ಕೆಳಗೆ ಇರುವುದು ಕಾಂಕ್ರೀಟ್ ಅಲ್ಲ, ಎರಿ.

ಎರಿ ಮಣ್ಣಿನ ಗುಣ ನಿಮಗೆ ನಾನು ಹೇಳಬೇಕಾಗಿಲ್ಲ. ಡೋಣಿ ಹರಿದರೆ ಓಣಿ ತುಂಬ ಕಾಳು ಎನ್ನುವುದು ಈ ಮಣ್ಣಿನ ಹೊಗಳಿಕೆಯೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಜೋಳಕ್ಕೆ, ಕಡಲೆಗೆ ಅಮೃತ. ಭಾರ ಹೊರಲು ಮಾತ್ರ ಕೆಟ್ಟದು. ಮನೆ ಕಟ್ಟುವ ಎಂಜಿನಿಯರುಗಳು ಒಣಗಿದ ಎರಿ ಮಣ್ಣಿನ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ಒಂದೂವರೆ ಕಿಲೋ ಭಾರ ಹಿಡಿಯುತ್ತಾರೆ. ಹಸಿ ಮೆತ್ತನೆಯ ಮಣ್ಣಾದರೆ ಅರ್ಧ ಕಿಲೋಗೂ ಇಳಿಸುತ್ತಾರೆ. ಕಟ್ಟಡ ವರ್ಷಗಟ್ಟಲೆ ನಿಲ್ಲಬೇಕಾದ್ದರಿಂದ ಅದರಲ್ಲಿ ಸುರಕ್ಷತೆಗೆ ಬಿಟ್ಟ ಪಾಲು ಇರುತ್ತದೆ, ನಿಜ. ಆದರೆ ಲೆಕ್ಕ ಮಾಡಿ ನೋಡಿ.

ಒಂದು ಟ್ರೇಲರ್‌ನಲ್ಲಿ 10 ಟನ್ ಕಬ್ಬು ಇದೆ ಎಂದು ಹಿಡಿಯಿರಿ. ಟ್ರೇಲರ್‌ನ ಸ್ವಂತ ತೂಕ 2 ಟನ್. ನಾಲ್ಕು ಗಾಲಿ. ಒಂದು ಗಾಲಿಯ ಪಾಲಿಗೆ 3 ಟನ್, ಅಂದರೆ 3000 ಕಿಲೋ. ಬಾಟಲಿ ಜ್ಯಾಕಿನ ಬುಡ 12 ಸೆಂಟಿಮೀಟರ್ ಉದ್ದ, 12 ಅಗಲ ಎಂದರೆ 144 ಚದರ ಸೆಂಟಿಮೀಟರ್. ಭಾಗಿಸಿದರೆ ಚದರ ಸೆಂಟಿಮೀಟರಿಗೆ 21 ಕಿಲೋ ಬಂತು. ಒಂದೂವರೆ ಕಿಲೋ ತಾಳುವ ನೆಲಕ್ಕೆ 21 ಕಿಲೋ. ಜ್ಯಾಕ್ ಮೇಲೇಳುವ ಬದಲು ಕೆಳಗೆ ಹೋಗುತ್ತದೆ ಎಂದು ಡ್ರೈವರುಗಳು ನಗುತ್ತಾರಲ್ಲ, ಅದರ ಗಣಿತ ಇಷ್ಟೇ.

ಇನ್ನು ರಬ್ಬರ್ ಪ್ಯಾಡ್ ಇಟ್ಟರೆ ಏನಾಗುತ್ತದೆ? ಬಿಲ್ಲೆ ಒಂದಡಿ ಅಗಲ ಇದೆ, ಆದ್ದರಿಂದ ಭಾರ ಒಂದಡಿಗೆ ಹರಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಮೋಸ ಇರುವುದು ಇಲ್ಲಿಯೇ. ಭಾರ ಹರಡಲು ಅಗಲವೊಂದೇ ಸಾಲದು, ಬಿರುಸು ಬೇಕು. ಮೆತ್ತನೆಯ ಹಾಸಿಗೆಯ ಮೇಲೆ ರೊಟ್ಟಿ ಬಡಿಯುವ ಕೊಣಮಿಗೆ ಇಟ್ಟು ಅದರ ಮೇಲೆ ನಿಂತರೆ ಇಡೀ ಕೊಣಮಿಗೆ ಒಟ್ಟಿಗೆ ಒತ್ತುತ್ತದೆ. ಅದೇ ಹಾಸಿಗೆಯ ಮೇಲೆ ರೊಟ್ಟಿಯನ್ನೇ ಇಟ್ಟು ಬೆರಳಿನಿಂದ ಒತ್ತಿದರೆ? ಬೆರಳಿದ್ದಲ್ಲಿ ತಗ್ಗು ಬಿದ್ದು, ಸುತ್ತಲಿನ ರೊಟ್ಟಿ ಮೇಲೇಳುತ್ತದೆ. ಒಂದಿಂಚಿನ ರಬ್ಬರ್ ಮೆತ್ತನೆಯ ಮಣ್ಣಿನ ಮೇಲೆ ರೊಟ್ಟಿಯಂತೆಯೇ ಬಾಗುತ್ತದೆ. ಜ್ಯಾಕಿನ ಬುಡ ಇದ್ದಷ್ಟೇ ಜಾಗ, ಹೆಚ್ಚೆಂದರೆ ಅದರ ಸುತ್ತ ಒಂದೆರಡು ಬೆರಳು, ಭಾರ ಹೊರುತ್ತದೆ. ಉಳಿದದ್ದು ನೋಡಲು ಚೆಂದ.

ಇನ್ನೊಂದು ತೊಂದರೆ ಇದೆ. ರಬ್ಬರ್ ಒಂದು ಕಡೆ ಹೆಚ್ಚು ಒತ್ತಿಕೊಂಡರೆ ಜ್ಯಾಕ್ ಓರೆಯಾಗುತ್ತದೆ. ಬಾಟಲಿ ಜ್ಯಾಕ್ ನೆಟ್ಟಗೆ ನಿಂತಾಗ ಮಾತ್ರ ನಂಬಿಗಸ್ತ. ನಾಲ್ಕು ಬೆರಳು ಓರೆಯಾದರೆ ಎಕ್ಸಲ್ ತಪ್ಪಿಸಿಕೊಂಡು ಬರುತ್ತದೆ, ಬಂದಾಗ ಹೇಳಿ ಕೇಳಿ ಬರುವುದಿಲ್ಲ.

ಹಾಗಾದರೆ ಏನು ಇಡಬೇಕು? ಹಲಗೆ. ಜಾಲಿಯದು, ಬೇವಿನದು, ಯಾವುದಾದರೂ ಗಟ್ಟಿ ಕಟ್ಟಿಗೆ. ಎರಡಡಿ ಉದ್ದ, ಒಂದಡಿ ಅಗಲ, ಎರಡಿಂಚು ದಪ್ಪ. ಒಂದಿಂಚಿನದು ಬೇಡ, ಅದು ಈ ಭಾರಕ್ಕೆ ಬಾಗಿ ಸೀಳುತ್ತದೆ. ಈ ಹಲಗೆ 60 ಸೆಂಟಿಮೀಟರ್ ಉದ್ದ, 30 ಅಗಲ, ಒಟ್ಟು 1800 ಚದರ ಸೆಂಟಿಮೀಟರ್. ಅದೇ 3000 ಕಿಲೋ ಹರಡಿದರೆ ಚದರ ಸೆಂಟಿಮೀಟರಿಗೆ ಸುಮಾರು 1.7 ಕಿಲೋ. 21 ಎಲ್ಲಿ, 1.7 ಎಲ್ಲಿ! ಒಣ ನೆಲದಲ್ಲಿ ಗಾಲಿ ಬದಲಿಸುವಷ್ಟು ಹೊತ್ತು ಇದು ನಡೆಯುತ್ತದೆ. ನೆಲ ಸ್ವಲ್ಪ ಹಸಿ ಇದ್ದರೆ ಕೆಳಗೆ ಎರಡು ಹಲಗೆ ಪಕ್ಕಪಕ್ಕ ಇಟ್ಟು, ಮೇಲೆ ಮೂರನೆಯದು ಅಡ್ಡ. ಒತ್ತಡ ಇನ್ನೂ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ರಾಡಿ ಇದ್ದರೆ ಯಾವ ಹಲಗೆಯೂ ಬೇಡ, ಮೊದಲು ಕಬ್ಬು ಇಳಿಸಿ. ಬೈಗುಳ ಬರುತ್ತದೆ, ಪಾಳಿ ತಪ್ಪುತ್ತದೆ, ಗೊತ್ತು. ಆದರೂ ಇಳಿಸಿ.

"ನಮ್ಮಪ್ಪನ ಕಾಲದಿಂದ ಕಲ್ಲ ಇಡಾಕತ್ತೀವ್ರಿ, ಏನಾಗೇತಿ?" ಎನ್ನುವವರಿಗೂ ಒಂದು ಮಾತು. ಕಲ್ಲು ಒಡೆಯುವುದಿಲ್ಲ, ಸರಿ. ಆದರೆ ದುಂಡು ಬುಡದ ಕಲ್ಲು ಉರುಳುತ್ತದೆ, ಕಬ್ಬಿಣ ಅದರ ಮೇಲೆ ಜಾರುತ್ತದೆ. ಇಟ್ಟಂಗಿ ಇನ್ನೂ ಕೆಟ್ಟದ್ದು. ಕಟ್ಟಿಗೆ ಮುರಿಯುವ ಮೊದಲು ಕಿರ್ ಎನ್ನುತ್ತದೆ, ಇಟ್ಟಂಗಿ ಒಮ್ಮೆಲೇ ಪುಡಿಯಾಗುತ್ತದೆ. ಕೆಲಸ ಮುಗಿದ ಮೇಲೆ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತೀರಲ್ಲ, ಅದು ಬೇರೆಯೇ ಪಾಪ. ರಾತ್ರಿ ಸಿಂದಗಿಯಿಂದ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಬೈಕ್ ಓಡಿಸುವವರಿಗೆ ಕೇಳಿ, ತಲೆ ಗಾತ್ರದ ಕಲ್ಲು ದೀಪದ ಬೆಳಕಿಗೆ ಬೀಳುವಷ್ಟರಲ್ಲಿ ಮುಂದಿನ ಗಾಲಿ ಅದರ ಮೇಲಿರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಅಡಚಣೆ, ಅಪಾಯ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ ಅಪರಾಧ. ಹಲಗೆಯಾದರೆ ದುಡ್ಡು ಕೊಟ್ಟದ್ದು, ಯಾರೂ ಬಿಟ್ಟು ಹೋಗುವುದಿಲ್ಲ. ಅದಕ್ಕಾದರೂ ಹಲಗೆ ಇರಲಿ.

ರಬ್ಬರಿಗೆ ಜಾಗವೇ ಇಲ್ಲವೇ? ಇದೆ. ಗ್ಯಾರೇಜಿನ ಸಿಮೆಂಟ್ ನೆಲ, ಪೆಟ್ರೋಲ್ ಬಂಕಿನ ಅಂಗಳ, ಕಾರ್ಖಾನೆಯ ತೂಕದ ಕಾಟಾ ಹತ್ತಿರದ ಕಾಂಕ್ರೀಟ್. ಅಲ್ಲಿ ನೆಲ ಕುಸಿಯುವ ಭಯ ಇಲ್ಲ, ಜಾರುವ ಭಯ ಇದೆ. ಎಣ್ಣೆ ಚೆಲ್ಲಿದ ನೆಲದ ಮೇಲೆ ಕಬ್ಬಿಣದ ಬುಡ ಸರ್ರನೆ ಸರಿಯುತ್ತದೆ. ಅಲ್ಲಿ ರಬ್ಬರ್ ಹಿಡಿತ ಕೊಡುತ್ತದೆ. ಬ್ಯಾಕ್‌ಹೋ ಯಂತ್ರಗಳನ್ನೇ ನೋಡಿ. ಕೆಲವದರ ಆಧಾರದ ಕಾಲುಗಳಿಗೆ ತಿರುಗಿಸಿ ಹಾಕುವ ಪಾದ ಇರುತ್ತದೆ. ಒಂದು ಮಗ್ಗುಲು ರಬ್ಬರ್, ಡಾಂಬರಿಗೆ. ಇನ್ನೊಂದು ಮಗ್ಗುಲು ಕಬ್ಬಿಣದ ಹಲ್ಲು, ಮಣ್ಣಿಗೆ. ಯಂತ್ರ ಮಾಡಿದವರಿಗೇ ಎರಡು ನೆಲಕ್ಕೆ ಒಂದೇ ಪಾದ ನಡೆಯುವುದಿಲ್ಲ ಎಂದು ಗೊತ್ತಿದೆ. ಆದರೆ ಗಟ್ಟಿ ನೆಲಕ್ಕೂ ಆ ಬಿಲ್ಲೆಯನ್ನು ಆನ್‌ಲೈನ್‌ನಲ್ಲಿ ತರಿಸುವುದು ಬೇಡ. ಹಳೆಯ ಕನ್ವೇಯರ್ ಬೆಲ್ಟಿನ ಒಂದು ತುಂಡು, ಅರ್ಧ ಇಂಚಿನದು, ಗುಜರಿಯಲ್ಲಿ ಸಿಗುತ್ತದೆ. ಅದನ್ನು ಜ್ಯಾಕ್ ಮತ್ತು ನೆಲದ ನಡುವೆ ಹಾಕಿ. ಹಳೆ ಟೈರ್ ಕತ್ತರಿಸಿ ಹಾಕುವವರಿದ್ದಾರೆ, ಅದು ಬೇಡ. ಡೊಂಕಾಗಿರುತ್ತದೆ, ಪುಟಿಯುತ್ತದೆ.

ಬೋರ್ ಗಾಡಿಯ ವಿಷಯಕ್ಕೆ ಬರೋಣ, ಇದರಲ್ಲಿ ರೈತರ ದುಡ್ಡು ನೇರ ಹೋಗುತ್ತದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಹೆಮ್ಮೆಯ ಮಾತು. ಆದರೆ ಆ ಗಿಡ ಬೇಸಿಗೆ ದಾಟುವುದು ಬಹುಪಾಲು ಬೋರ್ ನೀರಿನ ಮೇಲೆ. ಗಾಡಿಗಳು ಬಹಳಷ್ಟು ತಮಿಳುನಾಡಿನ ತಿರುಚೆಂಗೋಡು ಕಡೆಯವು. ಗಾಡಿ ಬಂದು ನಾಲ್ಕು ಹೈಡ್ರಾಲಿಕ್ ಕಾಲು ಊರಿ, ಸಮ ಮಾಡಿ, ಕೊರೆಯಲು ಶುರು. ನೀರು ಬಿತ್ತೆಂದರೆ ಗಾಳಿಯ ಒತ್ತಡಕ್ಕೆ ರಾಡಿ ಮೇಲೆ ಚಿಮ್ಮಿ ಸುತ್ತಲೂ ಹರಿಯುತ್ತದೆ. ಎಲ್ಲರೂ ನೀರು ನೋಡಿ ಕುಣಿಯುತ್ತಾರೆ. ಆ ನೀರು ಕಾಲಿನ ಬುಡಕ್ಕೆ ಹೋಗಿ ಎರಿ ಮೆತ್ತಗಾಗುವುದನ್ನು ಯಾರೂ ನೋಡುವುದಿಲ್ಲ. ಒಂದು ಕಾಲು ಮೂರಿಂಚು ಕುಸಿದರೆ ಗೋಪುರ ಓರೆಯಾಗುತ್ತದೆ, ತೂತು ಓರೆಯಾಗುತ್ತದೆ. ಕೇಸಿಂಗ್ ಸಿಕ್ಕಿಕೊಳ್ಳುತ್ತದೆ, ನಾಳೆ ಮೋಟರ್ ಇಳಿಯುವುದಿಲ್ಲ. ಫೂಟಿನ ಲೆಕ್ಕದಲ್ಲಿ ದುಡ್ಡು ಕೊಡುವವರು ನೀವು. ಹಾಗಾಗಿ ಕೊರೆಯುವ ಮೊದಲೇ ಗಾಡಿಯ ಮೇಸ್ತ್ರಿಗೆ ಕೇಳಿ: ಕಾಲಿನ ಕೆಳಗೆ ದಪ್ಪ ದಿಮ್ಮಿ ಇಟ್ಟಿದ್ದೀರಾ? ರಾಡಿ ಹರಿದು ಹೋಗಲು ಒಂದು ಕಾಲುವೆ ತೋಡಿದ್ದೀರಾ? ಗುದ್ದಲಿಯಿಂದ ಹತ್ತು ನಿಮಿಷದ ಕೆಲಸ.

ಈಗ ನನ್ನ ನಿಜವಾದ ಜಗಳ. ಅದು ರಬ್ಬರ್ ಮಾರುವವರ ಜೊತೆ ಅಲ್ಲ, ಕೊಳ್ಳುವವರ ಜೊತೆ. ಟ್ರ್ಯಾಕ್ಟರಿಗೆ ಸಾವಿರಾರು ರೂಪಾಯಿಯ ಸೌಂಡ್ ಬಾಕ್ಸ್, ಬಣ್ಣದ ಲೈಟು, ಹೆಸರಿನ ಸ್ಟಿಕರ್ ಹಾಕಿಸುತ್ತೀರಿ. ಹಾಡು ಎರಡು ಊರಿಗೆ ಕೇಳುತ್ತದೆ. ಅದೇ ಗಾಡಿಯಲ್ಲಿ ಒಂದು ಎಕ್ಸಲ್ ಸ್ಟ್ಯಾಂಡ್ ಇಲ್ಲ, ಗಾಲಿಗೆ ಅಡ್ಡ ಕೊಡುವ ಗಟ್ಟಿ ಕಟ್ಟಿಗೆ ಇಲ್ಲ. ಮಧ್ಯರಾತ್ರಿ ಪಂಕ್ಚರ್ ಆದರೆ ಡ್ರೈವರ್ ಫೋನ್ ಹಚ್ಚುತ್ತಾನೆ. ಆ ಕಡೆಯಿಂದ ಬರುವ ಉತ್ತರ, "ಅಲ್ಲೇ ಏನರೆ ಕಲ್ಲ ಹಚ್ಚಿ ಎಬ್ಬಸು, ಬೆಳತನಕ ಕಾರ್ಖಾನಿ ಮುಟ್ಟಬೇಕು." ಆಮೇಲೆ ಟ್ರೇಲರ್ ಕೆಳಗೆ ಮಲಗುವವನು ಮಾಲೀಕನ ಮಗನಲ್ಲ. ತಾಂಡಾದಿಂದ ಬಂದ ಹತ್ತೊಂಬತ್ತು ಇಪ್ಪತ್ತರ ಹುಡುಗ. ಕೂಲಿಗೆ ಬಂದವನು.

ಜ್ಯಾಕ್ ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಎತ್ತಿದ ಮೇಲೆ ಎಕ್ಸಲ್ ಕೆಳಗೆ ಸ್ಟ್ಯಾಂಡ್ ಅಥವಾ ಅಡ್ಡಡ್ಡ ಒಟ್ಟಿದ ದಿಮ್ಮಿ ಕೊಟ್ಟು, ಭಾರ ಅದರ ಮೇಲೆ ಇಳಿಸಿ, ಆಮೇಲೆ ಕೈ ಹಾಕಬೇಕು. ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ, ಆದ್ದರಿಂದ ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಬೇಕು. ಬೇಸಿಗೆಯಲ್ಲಾದರೆ ಬಿರುಕಿನ ಅಂಚಿಗೆ ಜ್ಯಾಕ್ ಊರಬಾರದು, ಅಂಚು ಹೆಂಟೆಯಾಗಿ ಒಡೆದು ಹೋಗುತ್ತದೆ. ಇದೆಲ್ಲ ಹುಡುಗನಿಗೆ ಯಾರು ಹೇಳಿಕೊಟ್ಟಿದ್ದಾರೆ?

ಕಾನೂನು ಹೊಸದೇನಲ್ಲ. ನೌಕರರ ಪರಿಹಾರ ಕಾಯ್ದೆ 1923ರಲ್ಲೇ ಬಂದಿತ್ತು. ಕೆಲಸದ ಮೇಲಿದ್ದಾಗ ಡ್ರೈವರ್, ಕ್ಲೀನರ್‌ಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ಕೆಲಸ ಕೊಟ್ಟವನದು. ನಿಮ್ಮ ವಿಮೆಯಲ್ಲಿ ಆ ಹುಡುಗ ಸೇರಿದ್ದಾನೆಯೇ ಎಂದು ಪಾಲಿಸಿ ತೆಗೆದು ಓದಿ. ಸೇರಿಲ್ಲದಿದ್ದರೆ ಹೊಲ ಮಾರಿ ಕಟ್ಟಬೇಕಾದೀತು. ಕರುಣೆಗೆ ಬೇಡ, ಲೆಕ್ಕಕ್ಕಾದರೂ ಹಲಗೆ ಅಗ್ಗ.

ಕಾರ್ಖಾನೆಗಳೂ ಕೈ ತೊಳೆದುಕೊಳ್ಳುವಂತಿಲ್ಲ. ಇಂಡಿ ಶಾಖಾ ಕಾಲುವೆ, ಆಲಮಟ್ಟಿಯ ನೀರು ಬಂದ ಮೇಲೆ ನಮ್ಮಲ್ಲಿ ಕಬ್ಬು ಎಷ್ಟು ಹಬ್ಬಿದೆ ನೋಡಿ. ಮರಗೂರಿಗೆ, ಆಲಮೇಲಕ್ಕೆ, ಯರಗಲ್ಲಿಗೆ ಹೋಗುವ ದಾರಿಗಳಲ್ಲಿ ಹಂಗಾಮಿನ ರಾತ್ರಿ ಟ್ರೇಲರ್ ಸಾಲು. ಪ್ರತಿ ಹಂಗಾಮಿಗೆ ಪೊಲೀಸರು ನಿಂತು ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿಸುತ್ತಾರೆ, ಫೋಟೊ ಬರುತ್ತದೆ, ನಾವೇ ಸುದ್ದಿ ಮಾಡುತ್ತೇವೆ. ಒಳ್ಳೆಯದೇ. ಸಾಗಣೆಯ ಕರಾರು ಬರೆಸಿಕೊಳ್ಳುವಾಗ ಅದೇ ಪಟ್ಟಿಗೆ ಮೂರು ಹಲಗೆ, ಒಂದು ಸ್ಟ್ಯಾಂಡ್, ನಾಲ್ಕು ಗಾಲಿ ಅಡ್ಡ ಸೇರಿಸಲು ಕಾರ್ಖಾನೆಗೆ ಏನು ಕಷ್ಟ? ಗೇಟಿನಲ್ಲಿ ಟೋಕನ್ ಕೊಡುವವನು ಟ್ರೇಲರ್ ಅಡಿ ಒಮ್ಮೆ ಬಗ್ಗಿ ನೋಡಿದರೆ ಮುಗಿಯಿತು. ಇಲ್ಲದ ಗಾಡಿಗೆ ಟೋಕನ್ ಇಲ್ಲ ಎನ್ನಲಿ, ಒಂದೇ ವಾರದಲ್ಲಿ ಎಲ್ಲ ಗಾಡಿಗೂ ಹಲಗೆ ಬರುತ್ತವೆ.

ಹಂಗಾಮಿಗೆ ಇನ್ನೂ ದಿನ ಇವೆ. ನಿಮ್ಮೂರಿನ ಬಡಿಗ್ಯಾರ ಹತ್ತಿರ ಹೋಗಿ ಜಾಲಿ ಹಲಗೆಯ ಅಳತೆ ಹೇಳಿ ಬನ್ನಿ: ಎರಡಡಿ, ಒಂದಡಿ, ಎರಡಿಂಚು. ತುದಿಗೆ ತೂತು ಕೊರೆಸಿ ಹಗ್ಗ ಹಾಕಿಸಿ, ಟ್ರೇಲರ್ ಮಗ್ಗುಲಿಗೆ ನೇತು ಹಾಕಲು. ಸಂದು ಬಿಟ್ಟದ್ದು, ಗಂಟು ಇದ್ದದ್ದು ಕೊಟ್ಟರೆ ತಗೋಬೇಡಿ.